ಗಿರಿಜವ್ವ ನನ್ನನ್ನು ಕೆಳಗಿಟ್ಟ ದಿನ

ನಾನು ಒಂದು ಸಮ್ಮಟಿಗೆ. ಕೆಟ್ಟು ನಿಂತ ಲಾರಿಯೊಂದರ ಅಚ್ಚನ್ನು ಕಾಯಿಸಿ, ಬಡಿದು, ಯಲಬುರ್ಗಾ ರಸ್ತೆಯ ಈ ಕುಲುಮೆಯಲ್ಲೇ ನನ್ನನ್ನು ಮಾಡಿದರು. ಮೈ ದಪ್ಪ, ಬುದ್ಧಿ ಕಡಿಮೆ ಎಂದು ಸಣ್ಣ ಸುತ್ತಿಗೆ ನನ್ನನ್ನು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ, ಏಟಿನ ಭಾರವೆಲ್ಲ ನನ್ನದೇ.

ನಮ್ಮ ಕುಲುಮೆಯಲ್ಲಿ ಗಂಡ ಕುಳಿತು, ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಿಂದ ಅಡಿಗಲ್ಲಿನ ಮೇಲೆ ಹಿಡಿಯುತ್ತಾನೆ. ಎಲ್ಲಿ ಹೊಡೆಯಬೇಕೆಂದು ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿಸುತ್ತಾನೆ. ಹೆಂಡತಿ ನಿಂತು, ನನ್ನನ್ನು ತಲೆಯ ಮೇಲೆತ್ತಿ ಅಲ್ಲಿಗೇ ಇಳಿಸುತ್ತಾಳೆ. ಅವನ ಕೈಗೂ ನನಗೂ ನಡುವೆ ಗೇಣಿನಷ್ಟೇ ಜಾಗ. ಮನೆಯವರೆಲ್ಲ ಉಣ್ಣುವುದು ಆ ಕೈಯಿಂದ.

ನನ್ನನ್ನು ಮೊದಲು ಎತ್ತಿದವಳು ಕಾಳವ್ವ. ಏನಂದರೂ ನುಂಗಿಕೊಳ್ಳುವ ಹೆಂಗಸು. ಒಂದು ದಿನ ಗಂಡ ವೀರಭದ್ರಪ್ಪ ಗಿರಾಕಿಗಳ ಮುಂದೆ ಅವಳ ಸತ್ತ ಅಪ್ಪನನ್ನು ಹೀಯಾಳಿಸಿ ನಕ್ಕ. ಅವಳು ನನ್ನನ್ನು ಎತ್ತಿದಳು. ಅವನ ಎರಡು ಬೆರಳು ನನ್ನ ಅಡಿಗೆ ಸಿಕ್ಕವು. ಕೈ ಜಾರಿತು ಎಂದಳು. ಜಾರಿತೋ, ಜಾರಿಸಿದಳೋ, ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲವೆಂದೇ ನನ್ನ ಅನುಮಾನ.

ಅವರಿಬ್ಬರೂ ತೀರಿದ ಮೇಲೆ ಮಗ ಮಾನಪ್ಪ ಅಡಿಗಲ್ಲಿನ ಮುಂದೆ ಕುಳಿತ. ಅವನ ಹೆಂಡತಿ ಗಿರಿಜವ್ವ ನನ್ನ ಮರದ ಕಾವು ಹಿಡಿದಳು. ಬಹಳ ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಮಾನಪ್ಪ, ಇನ್ನೂ ಹೈಸ್ಕೂಲಿನಲ್ಲಿದ್ದ ಮಗಳು ಸುನಂದಾಳನ್ನು ತನ್ನ ತಂಗಿಯ ಮಗನಿಗೆ ಕೊಡುವುದಾಗಿ ಮಾತು ಕೊಟ್ಟು ಬಂದ. ಹೆಂಡತಿಗೆ ಹೇಳಲೇ ಇಲ್ಲ. ಅವಳಿಗೆ ಅದು ಗೊತ್ತಾದದ್ದು ಹಿಟ್ಟಿನ ಗಿರಣಿಯಲ್ಲಿ.

ಮರುದಿನ ಅವಳು ನನ್ನನ್ನು ಹಿಡಿದ ರೀತಿ ನನಗೆ ಸರಿ ಕಾಣಲಿಲ್ಲ. ಮೊದಲ ಏಟು ಅವನು ತಟ್ಟಿ ತೋರಿಸಿದ ಗುರುತು ತಪ್ಪಿ ಬಿತ್ತು. ಎರಡನೆಯದು ಅವನ ಕೈಯತ್ತ ಇನ್ನಷ್ಟು ಸರಿಯಿತು. ಮಾನಪ್ಪ ತಲೆ ಎತ್ತಲಿಲ್ಲ. ಮತ್ತೆ ಎತ್ತಿದವಳು ಹಾಗೇ ನಿಂತುಬಿಟ್ಟಳು. ಮೇಲಿದ್ದ ನನಗೆ ಅವನ ಬೆರಳುಗಳಷ್ಟೇ ಕಾಣುತ್ತಿದ್ದವು. ನಾನು ಬಹಳ ಹೆದರಿದೆ.

ಆಗ ಅವಳು ನನ್ನನ್ನು ಮೆಲ್ಲಗೆ ನೆಲಕ್ಕಿಟ್ಟಳು. ನೇಗಿಲ ಕುಳಕ್ಕಾಗಿ ಕಾದಿದ್ದ ರೈತನಿಗೆ, "ಅಣ್ಣಾರ, ಒಂದೀಟು ಚಾ ಕುಡದು ಬರ್ರಿ," ಅಂದಳು.

"ಕಬ್ಬಣ ಆರತೈತಿ," ಅಂದ ಮಾನಪ್ಪ.

"ಆರಲಿ. ನನಗ ಭಾಳ ಸಿಟ್ಟು ಬಂದೈತಿ. ಈ ಸಿಟ್ಟಿನ್ಯಾಗ ಸಮ್ಮಟಿಗಿ ಎತ್ತಾಕ ಅಂಜಿಕಿ ಆಗತೈತಿ." ಅವಳ ದನಿ ಏರಲಿಲ್ಲ. "ಸುನಂದಾನ ಮದುವಿ ಮಾತು ಮಂದಿ ಬಾಯಿಂದ ಕೇಳಿದೆ. ನನ್ನ ಕೇಳಬೇಕಿತ್ತು. ಆಕೀನ್ನೂ ಕೇಳಬೇಕಿತ್ತು."

"ತಂಗಿಗೆ ಮಾತು ಕೊಟ್ಟೀನಿ."

"ಹೋಗಿ ತಿರುಗಿ ತಗೋರಿ. ನಿಮಗ ಕಷ್ಟ ಆಗತೈತಿ, ಗೊತ್ತೈತಿ. ನಾನೂ ಬರ್ತೀನಿ."

ಕಬ್ಬಿಣ ಕಪ್ಪಾಯಿತು. "ನಾ ಒಬ್ಬನ ಹೋಗ್ತೀನಿ," ಅಂದ.

ಸುನಂದಾಳ ಓದು ಮುಂದುವರಿಯಿತು. ಆದರೆ ತಂಗಿಯ ಮನೆಯಲ್ಲಿ ಅವನು ಏನೇನು ಅನ್ನಿಸಿಕೊಂಡನೋ, ಬಾಯಿ ಬಿಡಲಿಲ್ಲ. ನಾಗರ ಪಂಚಮಿಗೆ ತಂಗಿ ತವರಿಗೆ ಬರಲಿಲ್ಲ. ಗಿರಿಜವ್ವ ಕೇಳಿದಾಗಲೆಲ್ಲ, "ಏನಿಲ್ಲ ಬಿಡು," ಎನ್ನುತ್ತಿದ್ದ. ದೀಪಾವಳಿಯ ಹೊತ್ತಿಗೆ ಕರೆಂಟಿನಿಂದ ಬಡಿಯುವ ಯಂತ್ರ ತಂದ. "ನಿನಗ ತ್ರಾಸ ಆಗಬಾರದಂತ ತಂದೀನಿ," ಅಂದ, ಅವಳ ಮುಖ ನೋಡದೆ.

ಈಗ ನಾನು ಇದ್ದಿಲ ಚೀಲದ ಪಕ್ಕದಲ್ಲಿದ್ದೇನೆ. ಕಾವು ಸಡಿಲಾಗಿದೆ, ಮೈಗೆ ತುಕ್ಕು ಹಿಡಿದಿದೆ. ಯಂತ್ರಕ್ಕೆ ಒಬ್ಬನೇ ಸಾಕು. ಕಬ್ಬಿಣ ಹಿಡಿಯುವ ಕೈ ಅವನದೇ, ಪೆಡಲು ತುಳಿಯುವ ಕಾಲೂ ಅವನದೇ. ಯಂತ್ರಕ್ಕೆ ಸಿಟ್ಟಿಲ್ಲ, ನಿಜ. ಆದರೆ ಆ ಕಾಲಿಗಿದೆ. ನನ್ನನ್ನು ಕೆಳಗಿಡಲು ಗಿರಿಜವ್ವ ಇದ್ದಳು, ಅವನ ಕಾಲನ್ನು ಎತ್ತಿಸುವವರು ಯಾರು?

ಇಂದು ಬೆಳಿಗ್ಗೆ ಅವಳು ಮತ್ತೆ ಬಂದು ಪಕ್ಕದಲ್ಲಿ ನಿಂತಳು.

"ನಿಮ್ಮ ಮನಸ್ಸಿನ್ಯಾಗ ಏನೈತಿ ಹೇಳ್ರಿ. ನನ್ನ ಮ್ಯಾಲ ಸಿಟ್ಟಿದ್ರೂ ಹೇಳ್ರಿ, ಕೇಳ್ತೀನಿ."

ಅವನ ತುಟಿ ಅಲುಗಿತು. ಹೇಳಿಬಿಡು ಮಾರಾಯ ಎಂದು ನಾನು ಮೂಲೆಯಲ್ಲೇ ಬೇಡಿಕೊಂಡೆ. ಅವನು ಪೆಡಲು ತುಳಿದ. ಏಟು ಗುರುತು ತಪ್ಪಿ, ಅವನ ಕೈಯತ್ತ ಸರಿದು ಬಿತ್ತು.