ಪ್ರೂಫಕ್ಕನ ಹೆಸರಿನ ಖಾತೆ

ವಿದ್ಯಾರ್ಥಿವೇತನದ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ಅರ್ಜಿಯ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತ ಬಂದು ಕೊನೆಯ ಹಾಳೆಯಲ್ಲಿ ಬೆರಳು ನಿಲ್ಲಿಸಿದ. ಬ್ಯಾಂಕ್ ಖಾತೆಯ ಸಂಖ್ಯೆ ಇತ್ತು. ಅದರ ಮುಂದಿದ್ದ ಹೆಸರು ಅರ್ಜಿದಾರಳದಾಗಿರಲಿಲ್ಲ. ಇದು ಯಾರ ಖಾತೆ ಎಂದು ಕೇಳಿದ. ಯಜಮಾನರದು ಎಂದಳು ಅವಳು. ವಿದ್ಯಾರ್ಥಿಯ ಸ್ವಂತ ಖಾತೆಗೆ ಬಿಟ್ಟರೆ ಬೇರೆ ಯಾರದಕ್ಕೂ ಹಣ ಹಾಕುವಂತಿಲ್ಲ, ಗಂಡನಾದರೂ ಅಷ್ಟೆ, ಅಪ್ಪನಾದರೂ ಅಷ್ಟೆ, ಇನ್ನು ಹತ್ತು ದಿನ ಸಮಯವಿದೆ ಎಂದು ಹೇಳಿ ಅವನು ಅರ್ಜಿಯನ್ನು ಹೊರಕ್ಕೆ ತಳ್ಳಿದ. ಪ್ರವೇಶ ಪರೀಕ್ಷೆ, ಸಂದರ್ಶನ, ಹಳೆಯ ಅಂಕಪಟ್ಟಿ ಹುಡುಕಿಸುವ ಅಲೆದಾಟ, ಎಲ್ಲವನ್ನೂ ದಾಟಿ ಬಂದವಳಿಗೆ ಆನೆ ಹೋಗಿ ಬಾಲ ಸಿಕ್ಕಿಹಾಕಿಕೊಂಡಂತಾಯಿತು.

ಅವಳಿಗೆ ನಲವತ್ತಾರು ವರ್ಷ. ಹಳೆಯದೊಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳು. ಅಲ್ಲಿ ಮಾಲೀಕರಿಂದ ಹಿಡಿದು ಕಾಗದ ಕತ್ತರಿಸುವವನವರೆಗೆ ಎಲ್ಲರೂ ಅವಳನ್ನು ಪ್ರೂಫಕ್ಕ ಎಂದೇ ಕರೆಯುತ್ತಿದ್ದರು. ಮದುವೆಯ ಕರೆಯೋಲೆಯಿರಲಿ, ಔಷಧದ ಡಬ್ಬಿಯ ಮೇಲಿನ ಸಾಸಿವೆಯಷ್ಟು ಸಣ್ಣ ಅಕ್ಷರವಿರಲಿ, ಅವಳ ಕೆಂಪು ಪೆನ್ನಿನ ಕೆಳಗೆ ಹಾದು ಬರದೆ ಯಂತ್ರಕ್ಕೆ ಏರುತ್ತಿರಲಿಲ್ಲ. ಮಾಲೀಕರಿಗೆ ವಯಸ್ಸಾಗಿ ಯಂತ್ರಗಳನ್ನು ಮಾರಿದ ವರ್ಷವೇ ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದಳು. ಇಷ್ಟು ದಿನ ಬೇರೆಯವರ ಪುಸ್ತಕ ಓದಿದ್ದು ಸಾಕು, ಇನ್ನು ನಿನ್ನ ಪುಸ್ತಕ ಓದು ಎಂದು ಮಾಲೀಕರು ಕೊನೆಯ ದಿನ ಹೇಳಿದ್ದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು. ಹಾಗೆ ಅವಳು ತನ್ನ ಮಗಳಿಗಿಂತ ಚಿಕ್ಕವರ ನಡುವೆ, ಭಾಷಾ ವಿಭಾಗದ ಮೊದಲ ವರ್ಷದ ಬೆಂಚಿನಲ್ಲಿ ಬಂದು ಕೂತಿದ್ದಳು.

ಮುದ್ರಣಾಲಯದಲ್ಲಿ ಸಂಬಳ ಲಕೋಟೆಯಲ್ಲಿ ಬರುತ್ತಿತ್ತು. ಅವಳು ಅದನ್ನು ತಂದು ಗಂಡನ ಕೈಗೆ ಕೊಡುತ್ತಿದ್ದಳು, ನಗರದ ಬಸ್ಸಿನ ಚಾಲಕನಾಗಿದ್ದ ಅವನು ಮರುದಿನ ಡಿಪೋದ ಪಕ್ಕದ ಬ್ಯಾಂಕಿಗೆ ಕಟ್ಟುತ್ತಿದ್ದ. ಅದರ ಬಗ್ಗೆ ಇಬ್ಬರ ನಡುವೆ ಎಂದೂ ಒಂದು ಮಾತು ಬಂದಿರಲಿಲ್ಲ. ಅವನು ಕುಡಿಯುವವನಲ್ಲ, ಕಳೆಯುವವನಲ್ಲ. ಕೇಳಿದ್ದಕ್ಕೆ ಇಲ್ಲ ಎಂದವನೂ ಅಲ್ಲ.

ಆ ಸಂಜೆ ಅವನು ಪಾಳಿ ಮುಗಿಸಿ ಬಂದು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಾಗ ಅವಳು ವಿಷಯ ತೆಗೆದಳು.

"ರೀ, ನನ್ನ ಹೆಸರಲ್ಲೇ ಒಂದು ಅಕೌಂಟ್ ಮಾಡಿಸ್ಬೇಕಂತೆ."

"ಯಾಕೆ, ನಮ್ಮದು ಇದೆಯಲ್ಲ."

"ಅದು ನಿಮ್ಮದು."

ಅವಳು ಹೇಳಲು ಹೊರಟಿದ್ದು ಬರೀ ನಿಯಮದ ಮಾತು. ಆದರೆ ಆಡಿದ ಮಾತು ಅಲ್ಲಿಗೇ ನಿಲ್ಲಲಿಲ್ಲ. ಅವನು ಮಂಡಿಯ ಮೇಲಿನ ಕೈ ತೆಗೆದ.

"ಇಷ್ಟು ವರ್ಷ ನಮ್ಮದಾಗಿತ್ತು. ಇವತ್ತಿಂದ ನನ್ನದಾಯ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಾಲು ತೊಳೆಯಲು ಎದ್ದುಹೋದ.

ಹಿಂದೆಯೇ ಹೋಗಿ, ಇದು ಕಚೇರಿಯವರ ನಿಯಮ, ನಾನೇನು ಮಾಡಲಿ ಎಂದು ಹೇಳಬಹುದಿತ್ತು. ಅವಳು ಹೇಳಲಿಲ್ಲ. ಗುಮಾಸ್ತ ಬೆರಳಿಟ್ಟು ಇದು ಯಾರದು ಎಂದು ಕೇಳಿದಾಗ ಎದೆಯೊಳಗೆ ಏನೋ ಚುರುಕ್ ಎಂದದ್ದು ಅವಳಿಗೆ ಮಾತ್ರ ಗೊತ್ತಿತ್ತು. ನಿಯಮ ಇಲ್ಲದಿದ್ದರೂ ಈಗ ಅವಳಿಗೆ ತನ್ನದೊಂದು ಖಾತೆ ಬೇಕಿತ್ತು. ಅದನ್ನು ಗಂಡನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಮುಂದಿನ ಮೂರು ದಿನ ಅವನು ಮುಖ ಊದಿಸಿಕೊಂಡೇನೂ ಇರಲಿಲ್ಲ, ಆದರೆ ಮಾತುಗಳೆಲ್ಲ ಊಟ, ನೀರು, ಬಾಗಿಲ ಚಿಲಕ ಇಷ್ಟರಲ್ಲೇ ಮುಗಿಯುತ್ತಿದ್ದವು.

ಅದೇ ವಾರ ವಿಶ್ವವಿದ್ಯಾಲಯದ ಉದ್ದನೆಯ ಪಡಸಾಲೆಯಲ್ಲಿ ಬ್ಯಾಂಕಿನವರು ಮೇಜು ಹಾಕಿದ್ದರು. ಒಂದು ಬ್ಯಾಂಕು ಹೆಗಲಿಗೆ ಹಾಕುವ ಚೀಲ ಕೊಡುತ್ತಿತ್ತು, ಇನ್ನೊಂದು ಇಯರ್‌ಫೋನು, ಮತ್ತೊಂದು ಸಿನಿಮಾ ಟಿಕೆಟು. ಎರಡು ಗಂಟೆಯೊಳಗೆ ಅರ್ಧ ತರಗತಿಯ ಹೆಗಲ ಮೇಲೆ ಒಂದೇ ಬಣ್ಣದ ಚೀಲ ನೇತಾಡುತ್ತಿತ್ತು. ಚೀಲದ ಮೇಜಿನ ಹಿಂದೆ ಕತ್ತಿಗೆ ಸ್ಕಾರ್ಫ್ ಕಟ್ಟಿಕೊಂಡ ಪ್ರತಿನಿಧಿ ಹುಡುಗಿಯೊಬ್ಬಳು ಬೆಳಗಿನಿಂದ ನಿಂತೇ ಮಾತಾಡಿ ಗಂಟಲು ಕಟ್ಟಿಸಿಕೊಂಡಿದ್ದಳು. ಪ್ರೂಫಕ್ಕ ಎದುರು ಬಂದಾಗ ಅವಳು ನಕ್ಕು, ಮಗಳನ್ನೋ ಮಗನನ್ನೋ ಕರೆದುಕೊಂಡು ಬನ್ನಿ, ಸಹಿ ಅವರದೇ ಬೇಕು ಎಂದಳು. ಸಹಿ ನನ್ನದೇ ಎಂದು ಪ್ರೂಫಕ್ಕ ಹೇಳಿದಾಗ ಆ ಹುಡುಗಿ ನಾಚಿಕೊಂಡು, ಒಂದರ ಬದಲು ಎರಡು ಚೀಲ ಮುಂದಿಟ್ಟಳು. ಪ್ರೂಫಕ್ಕ ಚೀಲ ಮುಟ್ಟಲಿಲ್ಲ. ಮೂರೂ ಮೇಜುಗಳಿಂದ ಒಂದೊಂದು ಕರಪತ್ರ ತೆಗೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತಳು.

ಹಳೆಯ ಅಭ್ಯಾಸ. ಅಡ್ಡಕ್ಕೆ ಸ್ಕೇಲು ಇಟ್ಟು, ಸಾಲು ಸಾಲಾಗಿ ಕೆಳಗಿಳಿಸುತ್ತ, ಕೆಂಪು ಪೆನ್ನು ಹಿಡಿದು ಓದತೊಡಗಿದಳು. ತರಗತಿಯಲ್ಲಿ ಪಕ್ಕ ಕೂರುವ ದಪ್ಪ ಕನ್ನಡಕದ ಹುಡುಗಿ ಬಂದು ಪಕ್ಕದ ಮೆಟ್ಟಿಲಲ್ಲಿ ಕೂತಳು. ಅವಳ ಹೆಗಲ ಮೇಲೂ ಚೀಲವಿತ್ತು.

"ಏನ್ ಆಂಟಿ, ದಾನ ಕೊಟ್ಟ ಎಮ್ಮೆ ಹಲ್ಲು ಎಣಿಸ್ತಿದೀರಾ?"

"ಎಣಿಸಿ ನೋಡು. ಇದರ ಹಾಲು ಒಂದೇ ವರ್ಷಕ್ಕೆ ಬತ್ತಿ ಹೋಗುತ್ತೆ."

ಚೀಲದ ಬ್ಯಾಂಕಿನ ಕರಪತ್ರದಲ್ಲಿ ದೊಡ್ಡಕ್ಷರದಲ್ಲಿ ಪೂರ್ತಿ ಉಚಿತ ಎಂದಿದ್ದ ಕಡೆ ಪುಟ್ಟದೊಂದು ನಕ್ಷತ್ರವಿತ್ತು. ಅದರ ಜೋಡಿ ನಕ್ಷತ್ರ ಇದ್ದದ್ದು ಕಾಗದದ ಹಿಂಬದಿಯ ತಳದಲ್ಲಿ. ಉಚಿತ ಮೊದಲ ಹನ್ನೆರಡು ತಿಂಗಳಿಗೆ ಮಾತ್ರ, ಆಮೇಲೆ ಖಾತೆಯಲ್ಲಿ ಇಂತಿಷ್ಟು ಇರಲೇಬೇಕು, ಇಲ್ಲದಿದ್ದರೆ ತಿಂಗಳು ತಿಂಗಳು ದಂಡ. ಇಯರ್‌ಫೋನಿನ ಬ್ಯಾಂಕಿನವರು ಕಾರ್ಡು ಬಿಟ್ಟಿ ಕೊಟ್ಟು, ಮೊಬೈಲಿಗೆ ಕಳಿಸುವ ಪ್ರತಿ ಸಂದೇಶಕ್ಕೂ ಕಾಸು ಹಿಡಿಯುತ್ತಿದ್ದರು. ಸಿನಿಮಾ ಟಿಕೆಟಿನವರು ಸಹಿಯ ಪಕ್ಕದಲ್ಲೇ, ಸಾಲದ ಕಾರ್ಡಿಗೂ ಒಪ್ಪಿಗೆ ಎಂದು ಮೊದಲೇ ಗುರುತು ಹಾಕಿದ್ದ ಚೌಕ ಅಚ್ಚು ಮಾಡಿದ್ದರು. ಕನ್ನಡಕದ ಹುಡುಗಿ ತನ್ನ ಅರ್ಜಿಯ ಪ್ರತಿ ತೆಗೆದು ನೋಡಿದಳು. ಅವಳ ಮುಖ ಸಣ್ಣದಾಯಿತು. ತಾನು ತಿಂಗಳ ಕೊನೆಗೆ ಚಹಾ ಕುಡಿಯುವುದನ್ನೂ ನಿಲ್ಲಿಸುವವಳು, ಅಷ್ಟು ಹಣ ಖಾತೆಯಲ್ಲಿ ಇಡುವುದೆಲ್ಲಿಂದ ಎಂದಳು.

ಅರ್ಧ ಗಂಟೆಯಲ್ಲಿ ಮೆಟ್ಟಿಲ ಮೇಲೆ ಏಳೆಂಟು ಜನ ಸೇರಿದರು. ಯಾವ ಬ್ಯಾಂಕು ಒಳ್ಳೆಯದು ಹೇಳಿ ಎಂದು ಎಲ್ಲರದೂ ಒಂದೇ ಪ್ರಶ್ನೆ. ಒಳ್ಳೆಯದು ಕೆಟ್ಟದ್ದು ತನಗೆ ಗೊತ್ತಿಲ್ಲ, ಮನೆಯಿಂದ ತಿಂಗಳಿಗೆ ಒಮ್ಮೆ ಹಣ ಬರುವವರಿಗೆ ಒಂದು, ಸಂಜೆ ಕೆಲಸ ಮಾಡಿ ವಾರ ವಾರ ಗಳಿಸುವವರಿಗೆ ಇನ್ನೊಂದು, ಮೊದಲು ನಿಮ್ಮ ನಿಮ್ಮ ಖರ್ಚು ಹೇಗೆಂದು ಬರೆದುಕೊಳ್ಳಿ ಎಂದಳು ಅವಳು. ಯಾರೋ ಒಬ್ಬರು ಅವಳನ್ನು ಅಕ್ಕ ಎಂದರು. ಆಂಟಿ ಹೋಗಿ ಅಕ್ಕ ಆದದ್ದು ಅವಳಿಗೆ ಹಿತವೆನಿಸಿತು.

ಮೇಜುಗಳನ್ನು ಮಡಚುವ ಹೊತ್ತಿಗೆ ಸ್ಕಾರ್ಫಿನ ಹುಡುಗಿ ತಾನಾಗಿಯೇ ಮೆಟ್ಟಿಲ ಬಳಿ ಬಂದಳು. ಜಗಳಕ್ಕೆ ಬಂದಳೇನೋ ಎಂದು ಎಲ್ಲರೂ ಕರಪತ್ರಗಳಿಂದ ತಲೆ ಎತ್ತಿದರು. ಅವಳು ಕನ್ನಡಕದ ಹುಡುಗಿಗೆ, ಬೇಡವೆನಿಸಿದರೆ ಏಳು ದಿನದೊಳಗೆ ಬರೆದುಕೊಟ್ಟು ರದ್ದು ಮಾಡಿಸಬಹುದು, ಚೀಲ ಹಿಂದಿರುಗಿಸಬೇಕಾಗಿಲ್ಲ ಎಂದು ತಿಳಿಸಿದಳು. ಆಮೇಲೆ ಪ್ರೂಫಕ್ಕನ ಕಡೆ ತಿರುಗಿ ದನಿ ಇಳಿಸಿ, ಹಿಂದಿನ ಪುಟ ಓದಿದವರನ್ನು ಇವತ್ತೇ ಮೊದಲು ನೋಡಿದ್ದು, ನೀವು ಗ್ರಂಥಾಲಯದ ಹಿಂದಿನ ಶಾಖೆಯಲ್ಲಿ ಒಮ್ಮೆ ವಿಚಾರಿಸಿ, ನನ್ನ ತಮ್ಮನಿಗೂ ಅಲ್ಲೇ ಮಾಡಿಸಿದ್ದು ಎಂದು ಹೇಳಿ ಸರಸರನೆ ಹೋದಳು.

ಗ್ರಂಥಾಲಯದ ಹಿಂದಿನ ಆ ಶಾಖೆ ಎರಡೇ ಕಿಟಕಿಯ ಹಳೆಯ ಬ್ಯಾಂಕು. ಉಡುಗೊರೆ ಇಲ್ಲ, ಬಣ್ಣದ ಕಾಗದವೂ ಇಲ್ಲ. ಒಂದೇ ಹಾಳೆಯ ಕರಪತ್ರದಲ್ಲಿ, ಓದು ಮುಗಿಯುವವರೆಗೆ ಖಾತೆಯಲ್ಲಿ ಇಷ್ಟೇ ಇರಬೇಕೆಂಬ ಕಟ್ಟಳೆ ಇಲ್ಲ, ಕಾರ್ಡಿಗೂ ಸಂದೇಶಕ್ಕೂ ಶುಲ್ಕವಿಲ್ಲ ಎಂದು ನೇರವಾಗಿ ಇತ್ತು. ನಕ್ಷತ್ರ ಹುಡುಕಿದಳು, ಸಿಗಲಿಲ್ಲ. ತನಗೆ ಬೇಕಾದದ್ದು ಇದೇ ಎಂದು ನಿಶ್ಚಯಿಸಿಕೊಳ್ಳುತ್ತಿರುವಾಗಲೇ ಕೊನೆಯ ಸಾಲು ಕಣ್ಣಿಗೆ ಬಿತ್ತು. ಹದಿನೆಂಟರಿಂದ ಇಪ್ಪತ್ತೈದು ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಮಾತ್ರ.

ಮನೆಗೆ ಬಂದವಳು ಕರಪತ್ರವನ್ನು ಮೇಜಿನ ಮೇಲಿಟ್ಟು ಕೂತಳು. ಗಂಡನೇ ಎತ್ತಿಕೊಂಡು ನೋಡಿದ. ಮೂರು ದಿನದ ಮೌನ ಅವನಿಗೂ ಭಾರವಾಗಿತ್ತೇನೋ.

"ಇಪ್ಪತ್ತೈದು ಅಂತ ಅಚ್ಚಾಗಿದೆಯಲ್ಲ. ಮುಗೀತಲ್ಲ ಇನ್ನು."

"ಅಚ್ಚಾಗಿದ್ದೆಲ್ಲ ಸರಿ ಇದ್ದಿದ್ರೆ ಇಪ್ಪತ್ತೆರಡು ವರ್ಷ ನನಗೆ ಸಂಬಳ ಯಾರು ಕೊಡ್ತಿದ್ರು?"

ಅವನು ನಕ್ಕುಬಿಟ್ಟ. ನಗು ಬಂದ ಮೇಲೆ ಉಳಿದದ್ದು ತಡೆಯಲಿಲ್ಲ. ನೀನು ಓದಿ ಮುಗಿಸುವ ಹೊತ್ತಿಗೆ ನಾನು ನಿನಗೆ ಬರೀ ಬಸ್ ಡ್ರೈವರ್ ಆಗಿ ಕಾಣುತ್ತೇನೇನೋ ಎಂದು ಹೆದರಿದೆ, ಖಾತೆಯ ಮಾತು ಅದಕ್ಕೇ ಚುಚ್ಚಿತು ಎಂದು ನೆಲ ನೋಡುತ್ತ ಹೇಳಿದ. ಅವಳು ಅವನ ಪಕ್ಕ ಬಂದು ಕೂತಳು. ತನ್ನ ಹೆಸರು ಎಲ್ಲಿಯೂ ಅಚ್ಚಾಗಿಲ್ಲ, ಸಾವಿರ ಪುಸ್ತಕ ತಿದ್ದಿದರೂ ಒಂದರ ಮೇಲೂ ಇಲ್ಲ, ಒಂದು ಸಣ್ಣ ಪುಸ್ತಕದ ಮೇಲಾದರೂ ಇರಲಿ ಎಂಬ ಆಸೆ, ಅದು ಪಾಸ್‌ಬುಕ್ಕೇ ಆದರೂ ಸರಿ ಎಂದಳು. ಅವನು ಕರಪತ್ರವನ್ನು ಮಡಚಿ ಅವಳ ಕೈಗಿಟ್ಟು, ನಾಳೆ ನನಗೆ ವಾರದ ರಜೆ, ನಾನೂ ಬರುತ್ತೇನೆ ಎಂದ.

ಶಾಖೆಯ ಅಧಿಕಾರಿ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಹೆಂಗಸು. ಇಬ್ಬರನ್ನೂ ಕೂರಿಸಿ, ಮಾತಾಡಿದ್ದು ಮಾತ್ರ ಗಂಡನ ಜೊತೆ. ಯಾರಿಗೆ ಖಾತೆ ಎಂದು ಕೇಳಿದರು.

"ವಿದ್ಯಾರ್ಥಿ ಇವಳೇ ಮೇಡಂ," ಎಂದ ಅವನು. "ಏನಿದ್ರೂ ಇವಳನ್ನೇ ಕೇಳಿ. ನಾನು ಜೊತೆಗೆ ಬಂದೋನು."

ಅಧಿಕಾರಿ ಪ್ರವೇಶದ ಕಾಗದ ನೋಡಿದರು, ವಯಸ್ಸು ನೋಡಿದರು, ನೊಂದ ಮುಖ ಮಾಡಿ ಕರಪತ್ರದ ಕೊನೆಯ ಸಾಲು ತೋರಿಸಿದರು. ಮಾಮೂಲಿ ಖಾತೆ ಕೊಡಬಹುದು, ಆದರೆ ಅದರಲ್ಲಿ ಕನಿಷ್ಠ ಮೊತ್ತ ಇಡಬೇಕಾಗುತ್ತದೆ ಎಂದರು. ಪ್ರೂಫಕ್ಕ ವಾದ ಮಾಡಲಿಲ್ಲ. ತಿದ್ದುವವರು ಬರೀ ಕರಡು ನೋಡಿ ತಿದ್ದುವುದಿಲ್ಲ, ಪಕ್ಕದಲ್ಲಿ ಮೂಲ ಪ್ರತಿ ಇರಬೇಕು.

"ಈ ಕಾಗದ ಯಾವುದನ್ನ ನೋಡ್ಕೊಂಡು ಅಚ್ಚು ಮಾಡಿದ್ದೋ, ಅದನ್ನ ಒಂದ್ಸಲ ತೋರಿಸ್ತೀರಾ ಮೇಡಂ?"

ಇಂಥ ಕೋರಿಕೆ ಅವರಿಗೆ ಹೊಸದು. ಕಂಪ್ಯೂಟರಿನಲ್ಲಿ ಹುಡುಕಿ, ಮುಖ್ಯ ಕಚೇರಿಯ ಮೂರು ವರ್ಷ ಹಿಂದಿನ ಸುತ್ತೋಲೆ ತೆಗೆದು ಎರಡು ಹಾಳೆ ಮುದ್ರಿಸಿದರು. ಪ್ರೂಫಕ್ಕ ಎಡಕ್ಕೆ ಸುತ್ತೋಲೆ, ಬಲಕ್ಕೆ ಕರಪತ್ರ ಇಟ್ಟುಕೊಂಡು ಸ್ಕೇಲು ಇಳಿಸುತ್ತ ಬಂದಳು. ಆರನೆಯ ಸಾಲಿನಲ್ಲಿ, ಹದಿನೆಂಟು ತುಂಬಿದ, ಮಾನ್ಯತೆ ಪಡೆದ ಸಂಸ್ಥೆಗೆ ಸೇರಿದ ಯಾವುದೇ ವಿದ್ಯಾರ್ಥಿ ಎಂದಿತ್ತು. ಏಳನೆಯ ಸಾಲಿನಲ್ಲಿ, ಇಪ್ಪತ್ತೈದು ದಾಟಿದವರು ಪ್ರತಿ ವರ್ಷ ಪ್ರವೇಶದ ದಾಖಲೆ ತೋರಿಸತಕ್ಕದ್ದು ಎಂದಿತ್ತು.

"ಅಚ್ಚು ಜೋಡಿಸಿದವರ ಕಣ್ಣು ಸಾಲು ಹಾರಿದೆ," ಎಂದಳು. "ಎರಡು ಸಾಲು ಸೇರಿ ಒಂದಾಗಿದೆ. ನಮ್ಮ ಕಸುಬಲ್ಲಿ ದಿನಾ ನೋಡೋ ತಪ್ಪು."

ಅಧಿಕಾರಿ ದಾರದ ಕನ್ನಡಕ ಏರಿಸಿ ಎರಡು ಸಲ ಓದಿದರು. ಮುಖ್ಯ ಕಚೇರಿಗೆ ಫೋನು ಮಾಡಿದರು. ಒಬ್ಬರಿಂದ ಇನ್ನೊಬ್ಬರಿಗೆ ಕರೆ ದಾಟುತ್ತ ಇಪ್ಪತ್ತು ನಿಮಿಷ ಹಿಡಿಯಿತು. ಫೋನು ಇಟ್ಟಾಗ ಅವರ ಮುಖದಲ್ಲಿ ಸಂತೋಷವೂ ಇತ್ತು, ಸಂಕಟವೂ ಇತ್ತು. ನಿಮ್ಮ ಮಾತೇ ಸರಿ ಎಂದರು. ಆಮೇಲೆ, ಹೋದ ತಿಂಗಳು ಸಂಜೆ ಕಾಲೇಜಿನಲ್ಲಿ ಕಾನೂನು ಓದುವ ಕಾವಲುಗಾರನೊಬ್ಬನನ್ನು ಇದೇ ಕುರ್ಚಿಯಿಂದ ಎಬ್ಬಿಸಿ ಕಳಿಸಿದೆ, ಪಾಪ, ಒಂದು ಮಾತೂ ಆಡದೆ ಹೋದ ಎಂದು ಹೇಳುತ್ತ ಸಂದರ್ಶಕರ ಪುಸ್ತಕ ತೆಗೆದು ಅವನ ಫೋನ್ ಸಂಖ್ಯೆ ಹುಡುಕಿ ಬರೆದಿಟ್ಟುಕೊಂಡರು.

ಕಷ್ಟವಾದದ್ದು ಸಹಿಯಲ್ಲಿ. ಮೂರು ಕಡೆ ಒಂದೇ ರೀತಿ ಹಾಕಬೇಕಿತ್ತು. ಊರಿನವರ ಅಕ್ಷರವನ್ನೆಲ್ಲ ತಿದ್ದಿದವಳ ಸಹಿ ಮೂರು ಕಡೆ ಮೂರು ಥರ ಬಂತು. ಒಂದು ಸಲ ಬಾಲ ಉದ್ದ, ಒಂದು ಸಲ ತಲೆಯೇ ಇಲ್ಲ. ಅವಳ ಕಿವಿ ಕೆಂಪಾದವು. ಅಧಿಕಾರಿ ಹೊಸ ಅರ್ಜಿಯನ್ನೂ ಒಂದು ರದ್ದಿ ಹಾಳೆಯನ್ನೂ ಕೊಟ್ಟು, ಅವಸರವಿಲ್ಲ ಎಂದರು. ಅವಳು ರದ್ದಿ ಹಾಳೆಯ ತುಂಬ ತನ್ನ ಹೆಸರು ಬರೆದಳು. ಹನ್ನೆರಡನೆಯ ಸಲಕ್ಕೆ ಕೈ ಹಿಡಿತಕ್ಕೆ ಬಂತು. ಗಂಡ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಳಿಸಿಕೊಂಡದ್ದನ್ನು ಅವಳು ನೋಡಿಯೂ ನೋಡದಂತಿದ್ದಳು.

ಅರ್ಜಿ ಗಡುವಿಗೆ ಒಂದು ದಿನ ಮೊದಲೇ ವಿದ್ಯಾರ್ಥಿವೇತನದ ಕಿಟಕಿ ಸೇರಿತು. ಕನ್ನಡಕದ ಹುಡುಗಿಯೂ ಮತ್ತೆ ಐದು ಜನರೂ ಹಳೆಯ ಶಾಖೆಗೇ ಬಂದರು. ಕಾವಲುಗಾರನಿಗೂ ಖಾತೆ ಆಯಿತೆಂದು ಅಧಿಕಾರಿ ಗ್ರಂಥಾಲಯದ ಬಳಿ ಸಿಕ್ಕಾಗ ಹೇಳಿದರು. ವಿದ್ಯಾರ್ಥಿವೇತನ ಬರುವುದು ಮಾತ್ರ ತಡವಾಗಿ, ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ವಾರದಲ್ಲಿ ಸಂದೇಶ ಬಂತು. ಶುಲ್ಕದ ಕಿಟಕಿಯ ಸಾಲು ಉದ್ದವಿತ್ತು. ಪಾಳಿಯ ನಡುವಿನ ಬಿಡುವಿನಲ್ಲಿ ಖಾಕಿ ಬಟ್ಟೆಯಲ್ಲೇ ಬಂದಿದ್ದ ಗಂಡ ಅವಳ ಪಕ್ಕ ನಿಂತಿದ್ದ.

ಕಿಟಕಿಯವನು ಕಾರ್ಡು ತಿಕ್ಕುವ ಯಂತ್ರವನ್ನು ಮುಂದಕ್ಕೆ ತಳ್ಳಿ ಗುಪ್ತ ಸಂಖ್ಯೆ ಒತ್ತಲು ಹೇಳಿದ. ಯಾರಿಗೂ ತೋರಿಸಬಾರದೆಂದು ಕಾರ್ಡಿನ ಜೊತೆ ಬಂದ ಕಾಗದದಲ್ಲಿ ಓದಿದ್ದಳು. ಬೆರಳು ಎತ್ತಿದವಳು ತಡೆದಳು. ಗಂಡ ಯಾರೂ ಹೇಳದೆಯೇ ಅತ್ತ ತಿರುಗಿ, ಗೋಡೆಯ ಮೇಲೆ ಅಂಟಿಸಿದ್ದ ಪರೀಕ್ಷೆಯ ವೇಳಾಪಟ್ಟಿಯನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದ. ಅವಳು ನಾಲ್ಕು ಅಂಕಿ ಒತ್ತಿದಳು. ಯಂತ್ರ ಕಿರ್ರೆಂದು ರಸೀದಿ ಹೊರಹಾಕಿತು.

"ಆಯ್ತು ರೀ," ಎಂದಳು.

"ಇರು," ಎಂದ ಅವನು. "ನಿನ್ನ ಮೊದಲನೇ ಪರೀಕ್ಷೆ ಸೋಮವಾರ ಇದೆ. ನಂದು ಬೆಳಗಿನ ಪಾಳಿ. ನನ್ನ ಬಸ್ಸಲ್ಲೇ ಬಾ."