ಕಿಟಕಿ ಕಡೆಯ ಕೆನ್ನೆ

ನಮ್ಮ ಮನೆಯವರಿಗೆ ಬಸ್ ಡಿಪೋದಲ್ಲಿ ‘ಅರ್ಧ ಮುದುಕ’ ಎಂದೇ ಹೆಸರು. ವರ್ಷಗಟ್ಟಲೆ ಬಸ್ ಓಡಿಸಿ ಕಿಟಕಿ ಕಡೆಯ ಕೆನ್ನೆ ಮಾತ್ರ ಬಿಸಿಲಿಗೆ ಬೆಂದು, ಸುಕ್ಕುಗಟ್ಟಿ, ಕಂದು ಕಲೆಗಳಿಂದ ತುಂಬಿತ್ತು. ಇನ್ನೊಂದು ಕೆನ್ನೆ ಮದುಮಗನದು. ಜನ ನಕ್ಕರೆ ಇವರೂ ನಗುತ್ತಿದ್ದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತಾಗ ಮಾತ್ರ ಮುಖ ಸಪ್ಪಗಾಗುತ್ತಿತ್ತು.

ನಿವೃತ್ತಿ ಹತ್ತಿರ ಬಂದಾಗ ಮಾರುಕಟ್ಟೆ ರಸ್ತೆಯ ಬ್ಯೂಟಿ ಪಾರ್ಲರಿನ ಬೋರ್ಡು ಇವರ ಕಣ್ಣಿಗೆ ಬಿತ್ತು. ಬೆಳಕು ಹಾಯಿಸಿ ಬಿಸಿಲಿನ ಕಲೆ ತೆಗೆಯುತ್ತಾರಂತೆ. ಹಿಡಿದ ಹಟ ಬಿಡಲಿಲ್ಲ.

“ಕಣ್ಣಿನ ಪಕ್ಕದ ಕಲೆ ಯಾಕೋ ಬೇರೆ ಥರ ಇದೆ ರೀ. ಮೊದಲು ಡಾಕ್ಟ್ರಿಗೆ ತೋರಿಸಿ,” ಎಂದೆ.

“ಅಲ್ಲಿ ಡಾಕ್ಟ್ರಿಗಿಂತ ದೊಡ್ಡ ಮೆಷಿನ್ ಇದೆ ಕಣೇ,” ಎಂದರು.

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಕೊನೆಗೆ ನಾನೂ ಜೊತೆಗೆ ಹೋಗಿ ಕುಳಿತೆ. ಅಲ್ಲಿನ ಹುಡುಗಿ ಇವರ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಕೆನ್ನೆಗೆ ತಣ್ಣನೆಯ ಜೆಲ್ ಬಳಿದು, ಟಪ್ ಟಪ್ ಎಂದು ಬೆಳಕು ಹೊಡೆದಳು. ಸುಟ್ಟ ಕೂದಲಿನ ವಾಸನೆ ಬಂತು. ಕೆಲವು ದಿನಗಳಲ್ಲಿ ಕಲೆಗಳು ಕಪ್ಪಾಗಿ, ಕಾಫಿ ಗಸಿಯಂತೆ ಉದುರಿದವು. ನಾಲ್ಕಾರು ಸಲ ಹೋಗಿ ಬರುವಷ್ಟರಲ್ಲಿ ಕೆನ್ನೆ ನಿಜಕ್ಕೂ ತಿಳಿಯಾಯಿತು. ಸುಳ್ಳೇಕೆ ಹೇಳಲಿ, ನನಗೂ ಖುಷಿಯಾಯಿತು. ಡಿಪೋದವರ ಬಾಯಿಗೆ ಬೀಗ ಬಿತ್ತು.

ವರ್ಷ ತುಂಬುವುದರೊಳಗೆ ಕಣ್ಣಿನ ಪಕ್ಕ, ಆ ಚೊಕ್ಕ ಚರ್ಮದಡಿಯಿಂದ ಸಣ್ಣ ಗಂಟು ಎದ್ದಿತು. ಆಸ್ಪತ್ರೆಯಲ್ಲಿ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್. ನಾನು ಬೇರೆ ಥರ ಇದೆ ಎಂದಿದ್ದ ಕಲೆಯೇ ಅದು. ಬೆಳಕು ಮೇಲಿನ ಬಣ್ಣವನ್ನಷ್ಟೇ ಒರೆಸಿತ್ತು, ಬೇರು ಒಳಗೇ ಇತ್ತು.

“ಕಲೆ ಎಷ್ಟಗಲ ಇತ್ತೋ ಅಷ್ಟೂ ತೆಗೀಬೇಕು. ಚೂರು ಉಳಿದ್ರೂ ಮತ್ತೆ ಬರುತ್ತೆ,” ಎಂದರು ಡಾಕ್ಟರು, ನಮ್ಮ ಮಗಳ ವಯಸ್ಸಿನ ಹೆಂಗಸು. “ಈಗ ಬಣ್ಣ ಹೋಗಿ ಅಂಚೇ ಕಾಣ್ತಿಲ್ಲ. ಹಳೇ ಫೋಟೋ ಇದೆಯಾ?”

ಎಲ್ಲಿಂದ ತರೋಣ? ಕ್ಯಾಮೆರಾ ಕಂಡೊಡನೆ ಒಳ್ಳೆಯ ಕೆನ್ನೆಯನ್ನೇ ಒಡ್ಡುತ್ತಿದ್ದ ಮಹಾನುಭಾವರು ಇವರು. ಮಗಳು ಮನೆಯ ಫೋಟೋಗಳನ್ನೆಲ್ಲ ಜಾಲಾಡಿದಳು. ಎಲ್ಲದರಲ್ಲೂ ಮದುಮಗನೇ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಆಪರೇಷನ್ನಿನ ದಿನ ಬೆಳಿಗ್ಗೆ ಡಾಕ್ಟರು ಗುರುತು ಹಾಕುವ ನೇರಳೆ ಪೆನ್ನು ಹಿಡಿದು ವಾರ್ಡಿಗೆ ಬಂದರು.

“ಸಣ್ಣದಾಗಿದ್ರೆ ನಾಲ್ಕು ಹೊಲಿಗೆಯಲ್ಲಿ ಮುಗಿಯುತ್ತೆ. ರೆಪ್ಪೆವರೆಗೂ ಇದ್ದಿದ್ರೆ ಕೆಳಗಿನ ರೆಪ್ಪೆನೂ ತೆಗೀಬೇಕು. ಬೇರೆ ಕಡೆ ಚರ್ಮ ತಂದು ಹಾಕ್ತೀವಿ, ಆದ್ರೆ ಕಣ್ಣು ಮೊದಲಿನ ಹಾಗೆ ಮುಚ್ಚಲ್ಲ. ಅಂದಾಜಿಗೆ ಕತ್ತರಿಸೋ ಜಾಗ ಅಲ್ಲ ಇದು. ಅಂಚು ಯಾರಿಗಾದ್ರೂ ನೆನಪಿದೆಯಾ?”

“ಸಣ್ಣದು ಡಾಕ್ಟ್ರೇ, ಬಟಾಣಿಯಷ್ಟು,” ಎಂದು ಇವರು ತಟ್ಟನೆ ಹೇಳಿದರು. ನನ್ನ ಕೈ ಹಿಡಿದು ಒತ್ತಿದರು. “ಹೇಳೇ, ನೀನೂ ನೋಡಿದ್ದೀಯಲ್ಲ. ಸಣ್ಣದು ತಾನೆ?”

ಡ್ಯೂಟಿ ಮುಗಿಸಿ ಬಂದಾಗಲೆಲ್ಲ ಉರಿಯುವ ಆ ಕೆನ್ನೆಗೆ ಮುಲಾಮು ಹಚ್ಚುತ್ತಿದ್ದವಳು ನಾನು. ಕೆನ್ನೆಯೆಲುಬಿನಿಂದ ರೆಪ್ಪೆಯ ಬುಡದವರೆಗೂ ಹಬ್ಬಿತ್ತು ಆ ಕಲೆ. ಒಂದು ಕಡೆ ಕಂದು, ಒಂದು ಕಡೆ ಕಪ್ಪು. ಹೂಂ ಎಂದುಬಿಡಲೇ? ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಪೆನ್ನು ಕೊಡಿ ಡಾಕ್ಟ್ರೇ,” ಎಂದೆ.

ಇವರು ನನ್ನ ಕೈ ಬಿಟ್ಟರು. “ಬೇಡ ಕಣೇ.”

“ಅಲ್ಲಾಡಬೇಡಿ,” ಎಂದು ಗದ್ದ ಹಿಡಿದೆ. ಕೆನ್ನೆಯೆಲುಬಿನಿಂದ ಶುರು ಮಾಡಿ, ನಿಧಾನವಾಗಿ ಮೇಲಕ್ಕೆ ಗೆರೆ ಎಳೆದೆ. ಪೆನ್ನು ಕೆಳಗಿನ ರೆಪ್ಪೆಗೆ ತಗುಲಿದಾಗ ಇವರು ಕಣ್ಣು ಮುಚ್ಚಿಕೊಂಡರು, ಪೂರ್ತಿಯಾಗಿ, ರೆಪ್ಪೆಗೆ ರೆಪ್ಪೆ ಸೇರಿಸಿ.