ಅರಸರ ಪರವಾಗಿ ಒಂದು ತಲೆ

ಡೋರ್ಕಸ್ ಥ್ಯಾಕ್ರಾ ಅರಸರ ವಿಷಯದಲ್ಲಿ ತಲೆ ಕೆಡಿಸಿಕೊಂಡವಳಲ್ಲ. ಇದ್ದಾರೆ ಎನ್ನುತ್ತಾರೆ, ಇರಲಿ, ನಮ್ಮ ಒಲೆ ಹಚ್ಚಲು ಬರುವವರಲ್ಲವಲ್ಲ ಎನ್ನುವುದು ಅವಳ ಲೆಕ್ಕಾಚಾರ. ಆದರೆ ಕಡಲತಡಿಯ ಸ್ಕೆಲ್‌ವಿಕ್ ಊರಿನಲ್ಲಿ ಹಾಗೆಂದು ಸುಮ್ಮನಿರುವ ಹಾಗಿರಲಿಲ್ಲ. ಆ ಊರಿನ ನೆಲವೆಲ್ಲ ಅರಸರ ಖಾಸಗಿ ಆಸ್ತಿ. ಡೋರ್ಕಸ್‌ಳ ಗಂಡನ ಅಜ್ಜ ಅದರಲ್ಲೊಂದು ತುಂಡನ್ನು ತೊಂಬತ್ತೊಂಬತ್ತು ವರ್ಷದ ಗುತ್ತಿಗೆಗೆ ಹಿಡಿದು, ಬೆನ್ನ ಮೇಲೆ ಕಲ್ಲು ಹೊತ್ತು ಮನೆ ಕಟ್ಟಿದ್ದ. ಗುತ್ತಿಗೆ ಮುಗಿದ ದಿನ ನೆಲದ ಜೊತೆಗೆ ಮನೆಯೂ ಅರಸರದಾಗುತ್ತದೆ. ಗೋಡೆ ಎಬ್ಬಿಸಿದವನೊಬ್ಬ, ಸೂರು ಹೊದಿಸಿದವನೊಬ್ಬ, ಕೊನೆಗೆ ಒಡೆಯ ಮಾತ್ರ ಒಂದು ಮೊಳೆಯನ್ನೂ ಹೊಡೆಯದವನು.

ಗುತ್ತಿಗೆಗೆ ಇನ್ನು ಆರು ವರ್ಷ ಉಳಿದಿತ್ತು. ಡೋರ್ಕಸ್‌ಗೆ ತನ್ನ ಚಿಂತೆ ಇರಲಿಲ್ಲ. ಅಷ್ಟರೊಳಗೆ ಚರ್ಚಿನ ಹಿಂದೆ ಗಂಡನ ಪಕ್ಕದಲ್ಲಿ ಮಲಗಿರುತ್ತೇನೆ, ಅಲ್ಲಿ ಎಬ್ಬಿಸುವವರು ಯಾರೂ ಇಲ್ಲ ಎಂದು ಧೈರ್ಯವಾಗಿದ್ದಳು. ಚಿಂತೆ ಮಗಳು ಹೆಟ್ಟಿಯದು. ಮದುವೆಯಾಗದೆ ಐವತ್ತು ದಾಟಿದ ಹೆಟ್ಟಿ ಅದೇ ಮನೆಯ ಮುಂಗೋಣೆಯಲ್ಲಿ ಬ್ರೆಡ್ಡು ಬೇಯಿಸಿ ಮಾರುತ್ತಿದ್ದಳು. ಇಟ್ಟಿಗೆಯ ಒಲೆಯನ್ನು ಕಂಕುಳಲ್ಲಿಟ್ಟುಕೊಂಡು ಬೀದಿಗೆ ಇಳಿಯಲಾಗುತ್ತದೆಯೇ?

ಹೀಗಿರುವಾಗ ಡೋರ್ಕಸ್‌ಳ ಅಕ್ಕನ ಮಗ ಎಡ್ವಿನ್ ಒಂದು ಭಾನುವಾರ ಬಂದು ಒಳ್ಳೆಯ ಸುದ್ದಿ ಹೇಳಿದ. ಎಡ್ವಿನ್ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಆಳುವ ಪಕ್ಷದವನು. ಅದರ ಮೇಲೆ ಅರಸರ ಆಪ್ತ ಸಲಹಾಮಂಡಳಿಯ ಸದಸ್ಯನೆಂಬ ಬಾಸಿಂಗ ಬೇರೆ. ಗುತ್ತಿಗೆಯ ಮನೆಯವರು ತಮ್ಮ ಮನೆಯಡಿಯ ನೆಲವನ್ನು ನ್ಯಾಯವಾದ ಬೆಲೆಗೆ ಕೊಂಡುಕೊಳ್ಳಬಹುದು, ಒಡೆಯ ಬೇಡವೆನ್ನುವಂತಿಲ್ಲ. ಅಂಥದೊಂದು ಕಾನೂನು ಬರುತ್ತಿದೆಯಂತೆ.

"ನಮ್ಮ ಒಡೆಯ ಅರಸರಲ್ವೇನೋ? ಅವರು ಆಗಲ್ಲ ಅಂದ್ರೆ?" ಎಂದಳು ಡೋರ್ಕಸ್.

ಎಡ್ವಿನ್ ಹೊಟ್ಟೆ ಕುಲುಕಿಸಿ ನಕ್ಕ. "ಅಯ್ಯೋ ಚಿಕ್ಕಮ್ಮ, ಅರಸರು ಆಗಲ್ಲ ಅಂದು ಮುನ್ನೂರು ವರ್ಷ ಆಯ್ತು. ನಾವು ಬರೆದಿದ್ದಕ್ಕೆಲ್ಲ ಹೂಂ ಅನ್ನೋದೇ ಅವರ ಕೆಲಸ. ಅವರ ಅಧಿಕಾರ ಅಂದ್ರೆ ನಾಟಕದ ಕತ್ತಿ ಇದ್ದ ಹಾಗೆ. ಹೊಳೆಯತ್ತೆ, ಕೊಯ್ಯಲ್ಲ."

"ಹಾಗಾದ್ರೆ ಅಷ್ಟು ಖರ್ಚು ಮಾಡಿ ಯಾಕೆ ಸಾಕ್ತೀರ?"

"ಚೆಂದಕ್ಕೆ" ಎಂದ ಎಡ್ವಿನ್. ಹೆಟ್ಟಿ ಅವನ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ಡು ಹಾಕಿ ನಕ್ಕಳು. ಹಾಗೆ ಅವಳು ನಕ್ಕದ್ದನ್ನು ಡೋರ್ಕಸ್ ವರ್ಷಗಳಿಂದ ನೋಡಿರಲಿಲ್ಲ.

ಮಸೂದೆ ಕೊನೆಯ ಮತಕ್ಕೆ ಬರುವ ದಿನ ಡೋರ್ಕಸ್ ಒಳ್ಳೆಯ ಕೋಟು ತೊಟ್ಟು ರೈಲು ಹತ್ತಿ ಲಂಡನ್ನಿಗೆ ಹೋದಳು. ಸಂಜೆ ಬ್ರೆಡ್ಡೆಲ್ಲ ಮಾರಿಯಾದ ಮೇಲೆ ಫೋನು ಮಾಡುತ್ತೇನೆ, ಒಂದಕ್ಷರ ಬಿಡದೆ ಹೇಳಬೇಕು ಎಂದು ಹೆಟ್ಟಿ ತಾಕೀತು ಮಾಡಿದ್ದಳು. ಪ್ರೇಕ್ಷಕರ ಸಾಲಿನಲ್ಲಿ, ಗಾಜಿನ ಹಿಂದೆ, ಡೋರ್ಕಸ್ ಕೂತಳು. ಕೆಳಗೆ ಹಸಿರು ಬೆಂಚುಗಳ ಮೇಲೆ ಹತ್ತಿಪ್ಪತ್ತು ಜನ ಕಾಲು ಚಾಚಿ ಬಿದ್ದುಕೊಂಡಿದ್ದರು. ಮದುವೆ ಊಟ ಮುಗಿದ ಮೇಲೆ ಗಂಡಿನ ಕಡೆಯವರು ಒರಗುವ ಹಾಗಿತ್ತು. ಅರಸರ ಆಸ್ತಿಗೆ ತಾಗುವ ಮಸೂದೆಯಾದ್ದರಿಂದ ಮತಕ್ಕೆ ಮುಂಚೆ ಅವರ ಸಮ್ಮತಿ ಬರಬೇಕು ಎಂದು ಎಡ್ವಿನ್ ಹೇಳಿದ್ದ. ಒಬ್ಬ ದೂತ, ಒಂದು ಮುದ್ರೆಯೊತ್ತಿದ ಸುರುಳಿ, ಕಡೇಪಕ್ಷ ಒಂದು ಗಂಟೆಯ ಸದ್ದು ಬಂದೀತೆಂದು ಅವಳು ಕಾದಳು. ಎದ್ದವರೆಲ್ಲ ಮಾತಾಡಿ ಮಾತಾಡಿ ಕೂತರು. ಏನೂ ಬರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಕಪ್ಪು ಕೋಟಿನ ಸೇವಕನನ್ನು ಕರೆದಳು. "ಏನಪ್ಪಾ, ಅರಸರ ಒಪ್ಪಿಗೆ ಯಾವಾಗ ಬರತ್ತೆ?"

"ಆಗಲೇ ಬಂತಲ್ಲ ತಾಯಿ."

"ಎಲ್ಲಿ? ನಾನು ಕಣ್ಣು ಮಿಟುಕಿಸಿಲ್ಲ."

"ಅಗೋ, ಮುಂದಿನ ಬೆಂಚಿನ ತುದೀಲಿ ಬೊಕ್ಕತಲೆಯವರು ಇದಾರಲ್ಲ, ಅವರು ತಲೆ ಆಡಿಸಿದ್ರು. ಅಷ್ಟೇ. ಅರಸರ ಸಲಹಾಮಂಡಳಿಯವರು ಒಬ್ಬರು ಅರಸರ ಪರವಾಗಿ ತಲೆ ಆಡಿಸಿದ್ರೆ ಒಪ್ಪಿಗೆ ಬಂತು ಅಂತ. ಯಾರೂ ಆಡಿಸದೇ ಇದ್ರೆ ಮಸೂದೆ ಅಲ್ಲೇ ನಿಲ್ಲತ್ತೆ."

ಡೋರ್ಕಸ್ ಬಗ್ಗಿ ನೋಡಿದಳು. ಆ ಬೊಕ್ಕತಲೆ ಎಡ್ವಿನ್‌ನದು. ಅವನು ತೂಕಡಿಸುತ್ತಿದ್ದಾನೆ ಎಂದುಕೊಂಡಿದ್ದಳು ಅವಳು. ಥೂ, ಇಷ್ಟೇ ಏನು, ಇದಕ್ಕೆ ಇಷ್ಟು ಎತ್ತರದ ಕಟ್ಟಡ ಬೇಕಿತ್ತೇ ಎಂದು ನಗು ಬಂತು. ಆದರೂ ಅಕ್ಕನ ಮಗನ ತಲೆ ಎಂದು ಒಂದಿಷ್ಟು ಹೆಮ್ಮೆಯೂ ಆಯಿತು. ಮಸೂದೆ ಗೆದ್ದಿತು. ಅವಳು ಕೈ ತಟ್ಟಿದಾಗ ಸೇವಕ ಓಡಿಬಂದು ಇಲ್ಲಿ ತಟ್ಟಬಾರದು ಎಂದ.

ಎಡ್ವಿನ್ ಅವಳನ್ನು ನದಿಯ ಮಗ್ಗುಲಿನ ಜಗಲಿಗೆ ಕರೆದೊಯ್ದು ಚಹಾ ತರಿಸಿದ. ಡೋರ್ಕಸ್ ಹೆಟ್ಟಿ ಕಟ್ಟಿಕೊಟ್ಟ ಕೇಕು ಬಿಚ್ಚಿದಳು. ಎಡ್ವಿನ್ ಅದನ್ನು ಮುಟ್ಟಲಿಲ್ಲ. ಚಮಚದಿಂದ ಚಹಾವನ್ನು ಕಲಕಿದ, ಸಕ್ಕರೆ ಹಾಕದೆಯೇ ಕಲಕಿದ.

"ಚಿಕ್ಕಮ್ಮ, ಒಂದು ಸಣ್ಣ ವಿಷಯ. ಕೊನೇಲಿ ಒಂದು ಸಾಲು ಸೇರಿಸಬೇಕಾಯ್ತು. ಈ ಕಾನೂನು ಅರಸರ ಖಾಸಗಿ ನೆಲಕ್ಕೆ ಅನ್ವಯ ಆಗಲ್ಲ."

ಡೋರ್ಕಸ್‌ಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಅರ್ಥವಾದದ್ದನ್ನು ನಂಬಲು ಬೇಕಾಯಿತು.

"ಅಂದ್ರೆ ದೇಶಕ್ಕೆಲ್ಲ ಆಗತ್ತೆ, ಸ್ಕೆಲ್‌ವಿಕ್‌ಗೆ ಆಗಲ್ಲ."

"ಲಕ್ಷಾಂತರ ಮನೆಯವರಿಗೆ ಒಳ್ಳೇದಾಯ್ತು ಚಿಕ್ಕಮ್ಮ. ಮಸೂದೆನ ಮೊದಲೇ ಅರಸರ ವಕೀಲರಿಗೆ ತೋರಿಸಬೇಕು, ಅದು ಪದ್ಧತಿ. ಅವರು ಈ ಭಾಗ ಸ್ವಲ್ಪ ಕಷ್ಟ ಅಂದ್ರು. ನಮ್ಮವರು ಸೇರಿಸಿಬಿಟ್ಟರು. ಅರಸರು ಬೇಡ ಅನ್ನಲೇ ಇಲ್ಲ ನೋಡು, ಈಗಲೂ ಅವರು ಬೇಡ ಅಂದಿಲ್ಲ!"

"ಯಾಕೆ ಅಂತಾರೆ? ಏನು ಬೇಕು ಅಂತ ಮೊದಲೇ ಕೇಳ್ಕೊಂಡು ಅಡುಗೆ ಮಾಡಿದ್ರೆ ಯಾವ ಗಂಡಸು ತಟ್ಟೆ ತಳ್ತಾನೆ? ಮುನ್ನೂರು ವರ್ಷದಿಂದ ಹೀಗೇ ಬಡಿಸ್ಕೊಂಡು ಬಂದು, ಪಾಪ ಅವರಿಗೆ ಹಸಿವೇ ಇಲ್ಲ ಅಂತ ಊರಿಗೆಲ್ಲ ಸಾರ್ತೀರ."

"ಮೆಲ್ಲಗೆ ಮಾತಾಡು."

"ನಿನಗೆ ಇದು ಗೊತ್ತಿತ್ತು. ಗೊತ್ತಿದ್ದೂ ತಲೆ ಆಡಿಸಿದೆ."

"ನಾನು ಆಡಿಸದೇ ಇದ್ರೆ ಪಕ್ಕದವರು ಆಡಿಸ್ತಿದ್ರು. ಅದು ಬರೀ ಶಾಸ್ತ್ರ ಚಿಕ್ಕಮ್ಮ."

ಡೋರ್ಕಸ್‌ಗೆ ಸಿಟ್ಟಿಗಿಂತ ಹೇಸಿಗೆ ಹೆಚ್ಚಾಯಿತು. ಅರಸನ ಮೇಲಲ್ಲ. ಅವನು ತನ್ನದನ್ನು ತಾನು ಉಳಿಸಿಕೊಂಡ, ಅದು ಯಾವ ಜಮೀನ್ದಾರನೂ ಮಾಡುವ ಕೆಲಸ. ಅವನಿಗೆ ಕಿರೀಟವಿದೆ ಎನ್ನುವುದಷ್ಟೇ ವ್ಯತ್ಯಾಸ. ಆದರೆ ಇವನು, ತನ್ನ ತೊಡೆಯ ಮೇಲೆ ಆಡಿ ಬೆಳೆದವನು, ಹೆಟ್ಟಿಯ ಬ್ರೆಡ್ಡು ತಿಂದು ಕತ್ತಿ ಕೊಯ್ಯುವುದಿಲ್ಲ ಎಂದು ನಕ್ಕವನು, ಅದೇ ಕತ್ತಿಗೆ ತನ್ನ ಕುತ್ತಿಗೆಯನ್ನೇ ಹಿಡಿಯಾಗಿ ಕೊಟ್ಟಿದ್ದ. ಕತ್ತಿ ಹಿಡಿದ ಅರಸನಿಗೆ ಬೆವರೂ ಬಂದಿರಲಿಲ್ಲ.

ಎಡ್ವಿನ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ನೋಡು, ದಾರಿ ಇದೆ. ಹೆಟ್ಟಿ ಒಂದು ಅರ್ಜಿ ಹಾಕ್ಲಿ. ಅರಸರು ತುಂಬ ದೊಡ್ಡ ಮನಸ್ಸಿನವರು. ಅವಳು ಇರೋ ತನಕ ಬಾಡಿಗೆಗೆ ಇರು ಅಂತ ಬಿಟ್ಟರೂ ಬಿಡಬಹುದು."

"ಅವಳ ಮುತ್ತಾತ ಕಟ್ಟಿದ ಮನೇಲಿ ಅವಳು ಬಾಡಿಗೆಗೆ?"

"ಕೃಪೆಯಿಂದ."

"ಕಾಸು ಕೊಟ್ಟು ಕೊಳ್ತೀನಿ ಅಂದ್ರೆ ಬಿಡಲ್ಲ, ಕೈ ಒಡ್ಡಿದ್ರೆ ಬಿಡ್ತಾರೆ. ಹೂಂ. ಇದಕ್ಕೆ ದೊಡ್ಡ ಮನಸ್ಸು ಅಂತೀರ ನೀವು?"

ಎಡ್ವಿನ್ ನದಿಯ ಕಡೆ ನೋಡಿದ. ಪಕ್ಕದ ಮೇಜಿನವರು ಅವನ ಭುಜ ತಟ್ಟಿ, ಒಳ್ಳೆಯ ಕೆಲಸವಾಯಿತು ಎಂದು ಹೇಳಿಹೋದರು. ಅವನು ಅವರಿಗೆ ನಕ್ಕು ಥ್ಯಾಂಕ್ಸ್ ಹೇಳಿದ.

ಅಷ್ಟರಲ್ಲಿ ಡೋರ್ಕಸ್‌ಳ ಚೀಲದಲ್ಲಿ ಫೋನು ಬಡಿದುಕೊಂಡಿತು. ಹೆಟ್ಟಿ. ಡೋರ್ಕಸ್ ಗುಂಡಿ ಒತ್ತುತ್ತಲೇ ಮಗಳ ದನಿ ಮೇಜಿನಾಚೆಗೂ ಕೇಳಿಸಿತು. "ಅಮ್ಮಾ, ಗೆದ್ವಾ? ಅಂಗಡೀಲಿ ಎಲ್ಲರೂ ಕಾಯ್ತಾ ಇದಾರೆ. ನಮ್ಮದಾಯ್ತಾ?"

ಡೋರ್ಕಸ್ ಫೋನನ್ನು ಎಡ್ವಿನ್‌ನ ಮುಂದೆ ಹಿಡಿದಳು. ಅವನು ಬೇಡ ಬೇಡವೆಂದು ತಲೆ ಆಡಿಸಿದ.

"ಬಾಯಿ ಬಿಡು" ಎಂದಳು ಡೋರ್ಕಸ್. "ಅವಳಿಗೆ ತಲೆ ಆಡಿಸೋದು ಕಾಣಲ್ಲ."